ಸುಬ್ರಹ್ಮಣ್ಯ ರೋಡ್‌ಗೆ ಮರಳಿದ ರೈಲು ಉಳಿಯಬೇಕಾದರೆ: ರೈಲ್ವೆ ರಾಜ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶ್ರೀ ವಿ. ಸೋಮಣ್ಣ ಅವರಿಗೆ,
ರೈಲ್ವೆ ಖಾತೆ ರಾಜ್ಯ ಸಚಿವರು, ಭಾರತ ಸರ್ಕಾರ.

ಪ್ರತಿ: ದಕ್ಷಿಣ ಕನ್ನಡ ಸಂಸದರಾದ ಕ್ಯಾಪ್ಟನ್ ಬ್ರಿಜೇಶ್ ಚೌಟ ಅವರಿಗೆ.

ಮಾನ್ಯರೇ,

2025ರ ಏಪ್ರಿಲ್ 12ರಂದು ತಾವು ಮಂಗಳೂರಿನಲ್ಲಿ ಹಸಿರು ನಿಶಾನೆ ತೋರಿಸಿದ ಪ್ಯಾಸೆಂಜರ್ ಗಾಡಿ ಕಬಕ ಪುತ್ತೂರಿಗೇ ಮುಗಿಯದೆ ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳ ದಾಟಿ ಸುಬ್ರಹ್ಮಣ್ಯ ರೋಡ್ ಮುಟ್ಟಿತು. ಆ ದಿನ ಈ ಭಾಗದ ಜನ ನಿಲ್ದಾಣಗಳಿಗೆ ಬಂದು ಗಾಡಿಯನ್ನು ಸ್ವಾಗತಿಸಿದ್ದನ್ನು ತಾವು ಬಲ್ಲಿರಿ. ಮಂಗಳೂರಿನಿಂದ ಹಾಸನಕ್ಕೆ ಮೀಟರ್ ಗೇಜ್ ಹಳಿ ಪೂರ್ತಿಯಾದದ್ದು 1979ರಲ್ಲಿ. ಗೇಜ್ ಪರಿವರ್ತನೆಗೆಂದು 1996ರಲ್ಲಿ ಘಟ್ಟದ ಮೇಲಿನ ಓಡಾಟ ನಿಂತಿತು. ಬ್ರಾಡ್ ಗೇಜ್‌ನಲ್ಲಿ 2006ರಲ್ಲಿ ಸರಕು ಗಾಡಿ, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ಗಾಡಿ ಬಂದವು. ಬೆಂಗಳೂರಿಗೆ ಹೋಗುವವರಿಗೆ ರೈಲು ಸಿಕ್ಕಿತು. ಬೆಳಿಗ್ಗೆ ಮಂಗಳೂರಿಗೆ ಹೋಗಿ ಸಂಜೆ ಮನೆಗೆ ಮರಳುವವರ ಗಾಡಿ ಮಾತ್ರ ಪುತ್ತೂರಿನಲ್ಲೇ ಉಳಿದುಬಿಟ್ಟಿತ್ತು. ಪುತ್ತೂರಿನಿಂದಾಚೆಗಿನ ನಲವತ್ತು ಚಿಲ್ಲರೆ ಕಿಲೋಮೀಟರ್‌ಗೆ ಅದು ಮರಳಿದ್ದಕ್ಕೆ ನಮ್ಮ ಕೃತಜ್ಞತೆ ಹೃತ್ಪೂರ್ವಕವಾದದ್ದು. ಅದನ್ನು ಮೊದಲು ಹೇಳಿಯೇ ಮುಂದಿನ ಮಾತಿಗೆ ಬರುತ್ತೇವೆ.

ಈ ಪತ್ರ ಬರೆಯುತ್ತಿರುವವರು ಪುತ್ತೂರು, ಕಡಬ, ಸುಬ್ರಹ್ಮಣ್ಯ ಕಡೆಯ ನಿತ್ಯ ಪ್ರಯಾಣಿಕರು ಮತ್ತು ರೈಲ್ವೆಯ ಸಂಚಾರ, ವಾಣಿಜ್ಯ, ಹಳಿ ನಿರ್ವಹಣೆ ವಿಭಾಗಗಳಲ್ಲಿ ದುಡಿದು ನಿವೃತ್ತರಾದವರು. ಹೊಸ ಹಳಿ, ಹೊಸ ಸೇತುವೆ, ನೂರಾರು ಕೋಟಿಯ ಯೋಜನೆ ಯಾವುದನ್ನೂ ನಾವು ಕೇಳುತ್ತಿಲ್ಲ. ಹಳಿ ಇದೆ, ತಂತಿ ಬಂದಿದೆ, ಗಾಡಿಯೂ ಓಡುತ್ತಿದೆ. ಆ ಗಾಡಿ ಎರಡು ವರ್ಷದ ನಂತರ ‘ಪ್ರಯಾಣಿಕರಿಲ್ಲ’ ಎಂಬ ಒಂದು ಟಿಪ್ಪಣಿಯಿಂದ ಮತ್ತೆ ಪುತ್ತೂರಿಗೆ ಮೊಟಕಾಗದಂತೆ ನೋಡಿಕೊಳ್ಳಲು ಬೇಕಾದ ಸಣ್ಣ ಸಣ್ಣ ವ್ಯವಸ್ಥೆಗಳನ್ನಷ್ಟೇ ಕೇಳುತ್ತಿದ್ದೇವೆ.

ಆ ಟಿಪ್ಪಣಿ ಹುಟ್ಟುವ ಬಗೆಯಿಂದಲೇ ಶುರುಮಾಡಬೇಕು. ಒಂದು ನಿಲ್ದಾಣದ ಆದಾಯ ಎಂದು ಕಡತದಲ್ಲಿ ಕಾಣುವುದು ಆ ನಿಲ್ದಾಣದ ಕೌಂಟರಿನಲ್ಲಿ ಮಾರಾಟವಾದ ಟಿಕೆಟ್‌ನ ಹಣ. ಎಡಮಂಗಲದಿಂದ ದಿನಾ ಹೋಗಿಬರುವ ಒಬ್ಬರು ಮಂಗಳೂರು ಸೆಂಟ್ರಲ್‌ನಲ್ಲಿ ಮಾಸಿಕ ಪಾಸ್ ಮಾಡಿಸಿಕೊಂಡರೆ ಆ ತಿಂಗಳ ದುಡ್ಡೆಲ್ಲ ಸೆಂಟ್ರಲ್‌ನ ಖಾತೆಗೆ ಹೋಗುತ್ತದೆ. ಎಡಮಂಗಲದ ಪುಸ್ತಕದಲ್ಲಿ ಆ ವ್ಯಕ್ತಿಯ ಹೆಸರಿನಲ್ಲಿ ಒಂದು ರೂಪಾಯಿಯೂ ಇರುವುದಿಲ್ಲ. ಮೂರು ತಿಂಗಳ ಪಾಸ್‌ಗೆ ಮಾಸಿಕ ಪಾಸಿನ 2.7 ಪಟ್ಟು ದರವಾದ್ದರಿಂದ ಅನುಭವಸ್ಥರು ಅದನ್ನೇ ಮಾಡಿಸುತ್ತಾರೆ. ಆಗ ಮೂರು ತಿಂಗಳಿಗೊಮ್ಮೆ ಮಾತ್ರ, ಅದೂ ಬೇರೆ ನಿಲ್ದಾಣದಲ್ಲಿ, ಅವರು ಲೆಕ್ಕಕ್ಕೆ ಸಿಗುತ್ತಾರೆ. ಸಂಜೆ ಮರಳುವಾಗ ಕೊಳ್ಳುವ ಟಿಕೆಟ್ಟೂ ಮಂಗಳೂರಿನ ಲೆಕ್ಕವೇ. ಹೀಗೆ ಗಾಡಿಯಲ್ಲಿ ಕೂರಲು ಜಾಗವಿಲ್ಲದಿದ್ದರೂ ಸಣ್ಣ ನಿಲ್ದಾಣದ ಆದಾಯ ಖಾಲಿ ಗಾಡಿಯ ಆದಾಯದಂತೆಯೇ ಕಾಣುತ್ತದೆ. ಸಣ್ಣ ಊರುಗಳ ನಿಲುಗಡೆ ರದ್ದಾದಾಗಲೆಲ್ಲ ಕಾರಣವಾಗಿ ತೋರಿಸುವ ಅಂಕಿ ಸಾಮಾನ್ಯವಾಗಿ ಇದೇ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಟಿಕೆಟ್ ಎಲ್ಲಿ ಮಾರಾಟವಾಯಿತು ಎಂಬುದನ್ನು ಬಿಟ್ಟು ಎಲ್ಲಿಂದ ಎಲ್ಲಿಗೆ ಎಂಬುದನ್ನು ನೋಡಿದರೆ ಸಾಕು. ಕಾಯ್ದಿರಿಸದ ಟಿಕೆಟ್‌ನ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಹೊರಡುವ ನಿಲ್ದಾಣ, ಇಳಿಯುವ ನಿಲ್ದಾಣ ಎರಡೂ ದಾಖಲಾಗಿರುತ್ತವೆ. ಪಾಸ್‌ನಲ್ಲೂ ಅಷ್ಟೆ. ಪುತ್ತೂರಿನಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಯಾವುದೇ ನಿಲ್ದಾಣ ಒಂದು ತುದಿಯಾಗಿರುವ ಎಲ್ಲ ಟಿಕೆಟ್ಟು, ಪಾಸುಗಳನ್ನು ಒಟ್ಟುಗೂಡಿಸಿ ತಿಂಗಳಿಗೊಮ್ಮೆ ಒಂದು ಪಟ್ಟಿ ತೆಗೆಸಿ. ಅದರ ಜೊತೆಗೆ ಬೋಗಿಯಲ್ಲಿ ತಲೆಯೆಣಿಕೆ ನಡೆಯಲಿ. ನರಿಮೊಗರು ಬಿಟ್ಟ ಮೇಲೆ ಒಮ್ಮೆ, ಬಂಟ್ವಾಳ ಬಿಟ್ಟ ಮೇಲೆ ಒಮ್ಮೆ, ಸತತ ಏಳು ದಿನ. ಆ ಏಳು ದಿನ ಯಾವ ತಿಂಗಳಲ್ಲಿ ಬರುತ್ತದೆ ಎಂಬುದು ತೀರಾ ಮುಖ್ಯ. ಗಾಡಿ ವಿಸ್ತರಣೆಯಾದದ್ದು ಏಪ್ರಿಲ್ ನಡುವಿನಲ್ಲಿ, ಅಂದರೆ ಶಾಲೆ ಕಾಲೇಜುಗಳಿಗೆ ರಜೆಯ ಹೊತ್ತಿನಲ್ಲಿ. ಏಪ್ರಿಲ್, ಮೇ ತಿಂಗಳ ಎಣಿಕೆಯನ್ನು ಆಧಾರವಾಗಿ ಹಿಡಿದರೆ ವಿದ್ಯಾರ್ಥಿಗಳೇ ಇಲ್ಲದ ಗಾಡಿಯನ್ನು ಅಳೆದಂತಾಗುತ್ತದೆ. ಜುಲೈ ಕೊನೆಯಲ್ಲೊಮ್ಮೆ, ನವೆಂಬರ್‌ನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಎಣಿಸಿದರೆ ಚಿತ್ರ ಸರಿಯಾಗಿ ಸಿಗುತ್ತದೆ. ಚಂಪಾ ಷಷ್ಠಿಯ ವಾರವನ್ನು ಬೇರೆಯಾಗಿಯೇ ಇಡಿ. ಆ ಜನಸಂದಣಿ ನಿತ್ಯದ್ದಲ್ಲ, ಅದನ್ನು ನಮ್ಮ ಪರವಾಗಿ ಲೆಕ್ಕಕ್ಕೆ ಹಿಡಿಯುವುದು ನಮಗೂ ಬೇಡ.

ಟಿಕೆಟ್ ಸಿಗುವ ಜಾಗದ ಮಾತು ಇದರ ಮುಂದುವರಿಕೆ. ಹಾಲ್ಟ್ ದರ್ಜೆಯ ನಿಲ್ದಾಣದಲ್ಲಿ ರೈಲ್ವೆಯ ಸ್ವಂತ ಸಿಬ್ಬಂದಿ ಇರುವುದಿಲ್ಲ. ಕಮಿಷನ್ ಮೇಲೆ ದುಡಿಯುವ ಹಾಲ್ಟ್ ಏಜೆಂಟರು ಟಿಕೆಟ್ ಮಾರುತ್ತಾರೆ. ಟಿಕೆಟ್ ದಾಸ್ತಾನನ್ನು ಹತ್ತಿರದ ದೊಡ್ಡ ನಿಲ್ದಾಣದಿಂದ ತಂದು, ಮಾರಿದ ಲೆಕ್ಕವನ್ನು ಅಲ್ಲಿಗೇ ಒಪ್ಪಿಸಬೇಕು. ದಿನಕ್ಕೆ ಎರಡೋ ಮೂರೋ ಗಾಡಿ ನಿಲ್ಲುವ ಕಡೆ, ಹತ್ತು ರೂಪಾಯಿಯ ಟಿಕೆಟ್‌ಗಳ ಮೇಲೆ ಬರುವ ಕಮಿಷನ್ನಿನಲ್ಲಿ ನಸುಕಿಗೂ ರಾತ್ರಿಗೂ ಬಂದು ಕೂರುವವರು ಸಿಗುವುದು ಕಷ್ಟ. ಏಜೆಂಟರು ಬಿಟ್ಟುಹೋದರೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲದೆ ಹತ್ತಿದವರಿಗೆ ಕನಿಷ್ಠ 250 ರೂಪಾಯಿ ದಂಡದ ಭಯ. ಭಯಬಿದ್ದವರು ಬಸ್ಸಿಗೆ ಹೋಗುತ್ತಾರೆ, ಧೈರ್ಯದವರು ಲೆಕ್ಕಕ್ಕೆ ಸಿಗದೆ ಪ್ರಯಾಣಿಸುತ್ತಾರೆ. ಎರಡರಲ್ಲಿ ಯಾವುದಾದರೂ ನಿಲ್ದಾಣದ ಅಂಕಿ ಸೊನ್ನೆಯೇ.

ಮೊಬೈಲ್ ಟಿಕೆಟ್ ಇದೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ನಿಜ, ಇದೆ. ಆದರೆ ಕಾಗದರಹಿತ ಟಿಕೆಟ್ಟನ್ನು ಹಳಿಯ ಪಕ್ಕಕ್ಕೆ, ಗಾಡಿಯ ಒಳಕ್ಕೆ ಬಂದ ಮೇಲೆ ತೆಗೆಯಲು ಆ ಆ್ಯಪ್ ಬಿಡುವುದಿಲ್ಲ, ಅದು ಸರಿಯಾದ ನಿಯಮವೇ. ನಿಲ್ದಾಣದ ಆವರಣದಲ್ಲಿ ತೆಗೆಯಬೇಕಾದರೆ ಅಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಹಾಗಾಗಿ ಪ್ರತಿ ಹಾಲ್ಟ್‌ನಲ್ಲೂ ಮಳೆಗೆ ಹಾಳಾಗದ ಎರಡು ಕ್ಯೂಆರ್ ಫಲಕ ಬೇಕು. ಒಂದು ಪ್ರವೇಶದಲ್ಲಿ, ಇನ್ನೊಂದು ತಂಗುಮಾಡಿನ ಕೆಳಗೆ. ಕಾಡು ತೋಟಗಳ ನಡುವಿನ ಈ ನಿಲ್ದಾಣಗಳಲ್ಲಿ ನೆಟ್‌ವರ್ಕ್ ಕೈಕೊಡುವ ದಿನಗಳಿಗಾಗಿ ಏಜೆಂಟರ ಕೈಯಲ್ಲಿ ಮುದ್ರಿತ ಟಿಕೆಟ್ ಇರಲೇಬೇಕು. ಗಾಡಿಗಳ ಸಂಖ್ಯೆ ಕಡಿಮೆ ಇರುವ ಹಾಲ್ಟ್‌ಗಳಲ್ಲಿ ಕಮಿಷನ್ ಜೊತೆಗೆ ತಿಂಗಳಿಗೆ ಇಷ್ಟು ಎಂದು ಕನಿಷ್ಠ ಗೌರವಧನ ನಿಗದಿಯಾಗಲಿ. ಅಲ್ಲಿಯವರೆಗೆ ಟಿಕೆಟ್ ಮಾರುವವರಿಲ್ಲದ ನಿಲ್ದಾಣದಲ್ಲಿ ಹತ್ತಿದವರು ಗಾರ್ಡ್ ಅವರಿಗೆ (ಈಗಿನ ಹೆಸರು ಟ್ರೈನ್ ಮ್ಯಾನೇಜರ್) ತಿಳಿಸಿ, ದಂಡವಿಲ್ಲದೆ ಮುಂದಿನ ನಿಲ್ದಾಣದಲ್ಲಿ ಟಿಕೆಟ್ ಪಡೆಯುವ ಅವಕಾಶವನ್ನು ಕನ್ನಡದಲ್ಲಿ ಬರೆದು ಹಾಕಿಸಿ. ಕೊರೊನಾ ನಂತರ ಎಕ್ಸ್‌ಪ್ರೆಸ್ ದರದ ಹೆಸರಿನಲ್ಲಿ 30 ರೂಪಾಯಿಗೆ ಏರಿದ್ದ ಕನಿಷ್ಠ ದರವನ್ನು 2024ರ ಫೆಬ್ರುವರಿಯಲ್ಲಿ ಮತ್ತೆ 10 ರೂಪಾಯಿಗೆ ಇಳಿಸಿದ್ದು ಇಂಥ ಗಾಡಿಗಳ ಜೀವ ಉಳಿಸಿದ ನಿರ್ಧಾರ. ಆ ದರದಲ್ಲಿ ಟಿಕೆಟ್ ನಿಜವಾಗಿ ಕೈಗೆ ಸಿಗುವಂತಾಗಲಿ.

ಇನ್ನು ವೇಳೆ. ವಿಸ್ತರಣೆಯ ಜೊತೆ ಪ್ರಕಟವಾದ ವೇಳಾಪಟ್ಟಿಯಂತೆ ಗಾಡಿ ನಸುಕಿನ 4ಕ್ಕೆ ಮಂಗಳೂರು ಸೆಂಟ್ರಲ್ ಬಿಟ್ಟು 6.30ಕ್ಕೆ ಸುಬ್ರಹ್ಮಣ್ಯ ರೋಡ್ ತಲುಪುತ್ತದೆ. 7ಕ್ಕೆ ಹೊರಟು 9.30ಕ್ಕೆ ಸೆಂಟ್ರಲ್‌ಗೆ ಮರಳುತ್ತದೆ. ಸಂಜೆ 5.45ಕ್ಕೆ ಮತ್ತೆ ಹೊರಟು 8.10ಕ್ಕೆ ಸುಬ್ರಹ್ಮಣ್ಯ ರೋಡ್, ಅಲ್ಲಿಂದ 8.40ಕ್ಕೆ ಬಿಟ್ಟು ರಾತ್ರಿ 11.10ಕ್ಕೆ ಮಂಗಳೂರು. ಈ ನಾಲ್ಕು ಪ್ರಯಾಣಗಳಲ್ಲಿ ನಿತ್ಯ ಪ್ರಯಾಣಿಕರ ಬದುಕು ನಿಂತಿರುವುದು ನಡುವಿನ ಎರಡರ ಮೇಲೆ: ಬೆಳಿಗ್ಗೆ 7ರದ್ದು, ಸಂಜೆ 5.45ರದ್ದು.

ಬೆಳಗಿನ ಗಾಡಿ 9.30ಕ್ಕೆ ಸರಿಯಾಗಿ ಸೆಂಟ್ರಲ್ ಮುಟ್ಟಿದರೆ ಹತ್ತು ಗಂಟೆಯ ಕಚೇರಿಗೆ ತೊಂದರೆಯಿಲ್ಲ. ಹಂಪನಕಟ್ಟೆಗೆ, ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣಕ್ಕೆ ನಡೆದೇ ಹೋಗಬಹುದು. ಆದರೆ ಒಂಬತ್ತಕ್ಕೆ ತರಗತಿ ಶುರುವಾಗುವ ವಿದ್ಯಾರ್ಥಿಗೆ, ವೆನ್ಲಾಕ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಬೇಕಾದವರಿಗೆ ಅದು ತಡ. ಸಂಜೆಯದೂ ಹಾಗೆಯೇ. ಐದೂವರೆಗೆ ಬಿಡುವ ಕಚೇರಿಯಿಂದ ಹದಿನೈದು ನಿಮಿಷದಲ್ಲಿ ಪ್ಲಾಟ್‌ಫಾರ್ಮ್ ಸೇರಬೇಕು. ಅಂಗಡಿ, ಖಾಸಗಿ ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ಅದು ಆಗದ ಮಾತು. ಸಂಜೆ ಹೊರಡುವುದನ್ನು 15 ನಿಮಿಷ ತಡವಾಗಿಸಿ 6ಕ್ಕೆ ಮಾಡಿದರೆ, ಬೆಳಿಗ್ಗೆ ಹೊರಡುವುದನ್ನು ಮುಂಚಿತವಾಗಿ 6.20ಕ್ಕೆ ತಂದು 8.40ರ ಹೊತ್ತಿಗೆ ಸೆಂಟ್ರಲ್ ಮುಟ್ಟಿಸಿದರೆ ಗಾಡಿಯನ್ನು ಬಳಸಬಲ್ಲವರ ಬಳಗವೇ ದೊಡ್ಡದಾಗುತ್ತದೆ.

ಸುಮಾರು 90 ಕಿಲೋಮೀಟರ್‌ಗೆ ಎರಡೂವರೆ ಗಂಟೆ ಎಂದರೆ ಸರಾಸರಿ ವೇಗ ಗಂಟೆಗೆ 36 ಕಿಲೋಮೀಟರ್. ಹಳಿಯ ದೋಷದಿಂದ ಹೀಗಾಗಿಲ್ಲ. ಕಾರಣಗಳು ಮೂರು ಕಡೆ ಹಂಚಿಹೋಗಿವೆ. ಪ್ರತಿ ಸಣ್ಣ ನಿಲ್ದಾಣದಲ್ಲಿ ಎಂಜಿನ್ ಎಳೆಯುವ ಗಾಡಿ ನಿಂತು ಮತ್ತೆ ವೇಗ ಪಡೆಯಲು ತಗಲುವ ಸಮಯ ಒಂದು. ಏಕಹಳಿಯಲ್ಲಿ ಎದುರು ಗಾಡಿಗಾಗಿ ಕಾಯುವುದು ಇನ್ನೊಂದು. ಮೂರನೆಯದು ಮಂಗಳೂರು ಜಂಕ್ಷನ್ ಮತ್ತು ಸೆಂಟ್ರಲ್ ನಡುವೆ ಸೇರಿಸಿಟ್ಟಿರುವ ಹೆಚ್ಚುವರಿ ನಿಮಿಷಗಳು. ಕೇರಳದ ಗಾಡಿಗಳು, ಕೊಂಕಣದ ಗಾಡಿಗಳು, ಪಣಂಬೂರು ಬಂದರಿನ ಸರಕು ಎಲ್ಲ ಇಲ್ಲೇ ಸುತ್ತಮುತ್ತ ಹಾಯುತ್ತವೆ. ತಡವಾದರೂ ‘ಸಮಯಕ್ಕೆ ತಲುಪಿತು’ ಎಂದು ದಾಖಲಾಗಲು ಕೊನೆಯ ನಿಲ್ದಾಣಕ್ಕೆ ಮುನ್ನ ಹೀಗೆ ನಿಮಿಷ ಸೇರಿಸುವುದು ವಾಡಿಕೆ. ಅದರಿಂದ ಸೆಂಟ್ರಲ್‌ನ ಅಂಕಿ ಚೆನ್ನಾಗಿ ಕಾಣುತ್ತದೆ, ಪುತ್ತೂರಿನಲ್ಲಿ ಕಾಯುವವರಿಗೆ ಏನೂ ಪ್ರಯೋಜನವಾಗುವುದಿಲ್ಲ. ಆದ್ದರಿಂದ ಈ ಗಾಡಿಯ ಸಮಯಪಾಲನೆಯನ್ನು ಕೊನೆಯ ನಿಲ್ದಾಣದಲ್ಲಿ ಮಾತ್ರ ಅಳೆಯಬಾರದು. ಕಬಕ ಪುತ್ತೂರು ಮತ್ತು ಮಂಗಳೂರು ಜಂಕ್ಷನ್, ಈ ಎರಡೂ ಕಡೆ ಅಳೆಯಬೇಕು ಎಂಬುದು ನಮ್ಮ ವಿನಂತಿ.

ತಡವಾಗುವುದು ಮತ್ತೊಂದು ಕಡೆ, ಸುಬ್ರಹ್ಮಣ್ಯ ರೋಡ್‌ನಲ್ಲಿ. ಗಾಡಿ ಬಂದು ಮರಳುವ ನಡುವೆ ಇರುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಎಂಜಿನ್ನನ್ನು ಬೋಗಿಗಳಿಂದ ಬಿಡಿಸಬೇಕು, ಪಕ್ಕದ ಹಳಿ ಖಾಲಿ ಇದ್ದರೆ ಅದರ ಮೇಲೆ ಸುತ್ತಿಸಿ ಇನ್ನೊಂದು ತುದಿಗೆ ತರಬೇಕು, ಕೊಂಡಿ ಹಾಕಬೇಕು, ಬ್ರೇಕ್ ಪೈಪ್ ಮತ್ತು ಫೀಡ್ ಪೈಪ್ ಜೋಡಿಸಬೇಕು. ಬ್ರೇಕ್ ಪೈಪ್‌ನಲ್ಲಿ ಪ್ರತಿ ಚದರ ಸೆಂಟಿಮೀಟರ್‌ಗೆ 5 ಕೆ.ಜಿ., ಫೀಡ್ ಪೈಪ್‌ನಲ್ಲಿ 6 ಕೆ.ಜಿ. ಒತ್ತಡ ಏರುವವರೆಗೆ ಕಾಯಬೇಕು. ಆಮೇಲೆ ಕೊನೆಯ ಬೋಗಿಯವರೆಗೆ ಗಾಳಿ ತಲುಪಿದೆಯೇ ಎಂದು ಲೋಕೊ ಪೈಲಟ್ ಮತ್ತು ಗಾರ್ಡ್ ಸೇರಿ ಪರೀಕ್ಷಿಸಬೇಕು. ಎಲ್ಲ ಸರಿಹೋದರೂ ಇಪ್ಪತ್ತು, ಇಪ್ಪತ್ತೈದು ನಿಮಿಷ ಬೇಕು. ಪಕ್ಕದ ಹಳಿಯಲ್ಲಿ ಘಟ್ಟ ಹತ್ತಲಿರುವ ಸರಕು ಗಾಡಿ ನಿಂತಿದ್ದರೆ, ಬ್ಯಾಂಕರ್ ಎಂಜಿನ್ (ಏರಿನಲ್ಲಿ ಗಾಡಿಯನ್ನು ಹಿಂದಿನಿಂದ ತಳ್ಳುವ ಎಂಜಿನ್) ಜೋಡಿಸುವ ಕೆಲಸ ನಡೆಯುತ್ತಿದ್ದರೆ ಸುತ್ತಿಸಲು ಜಾಗವೇ ಇರುವುದಿಲ್ಲ. ಬರುವ ಗಾಡಿ ಹದಿನೈದು ನಿಮಿಷ ತಡವಾದರೆ ಹೊರಡುವ ಗಾಡಿ ತಡವಾಗಲೇಬೇಕು. ಸಿಬ್ಬಂದಿ ಎಷ್ಟು ಚುರುಕಾಗಿದ್ದರೂ ಇದು ತಪ್ಪದು.

ಪ್ರತ್ಯೇಕ ಎಂಜಿನ್ ಇಲ್ಲದೆ ವಿದ್ಯುತ್ತಿನಲ್ಲಿ ಓಡುವ ಮೆಮು ಗಾಡಿಯ ಬೇಡಿಕೆ ಇಟ್ಟಿರುವುದು ಈ ಕಾರಣಕ್ಕೆ. ಎರಡೂ ತುದಿಯಲ್ಲಿ ಚಾಲಕರ ಕ್ಯಾಬ್ ಇರುವ ಗಾಡಿಯನ್ನು ಹತ್ತು ನಿಮಿಷದಲ್ಲಿ ಮರಳಿಸಬಹುದು, ಪಕ್ಕದ ಹಳಿಯ ಹಂಗಿಲ್ಲ. ಮೆಮುವಿನ ಒಂದು ಘಟಕದಲ್ಲಿ ಒಂದು ಮೋಟಾರ್ ಬೋಗಿ, ಮೂರು ಸಾದಾ ಬೋಗಿ. ಎರಡು ಘಟಕ ಸೇರಿಸಿದ 8 ಬೋಗಿಯ ಗಾಡಿ ಈ ಮಾರ್ಗಕ್ಕೆ ಈಗ ಸಾಕು. ಮೋಟಾರ್‌ಗಳು ಒಂದೇ ಎಂಜಿನ್ನಿನಲ್ಲಿರದೆ ಎರಡು ಬೋಗಿಗಳಲ್ಲಿ ಹಂಚಿಕೊಂಡಿರುವುದರಿಂದ ನಿಂತು ಹೊರಡುವಾಗ ಬೇಗ ವೇಗ ಪಡೆಯುತ್ತದೆ. ಪ್ರತಿ ನಿಲುಗಡೆಗೆ ಒಂದು ನಿಮಿಷ ಉಳಿದರೂ ಹತ್ತು ನಿಲುಗಡೆಗೆ ಹತ್ತು ನಿಮಿಷ ಉಳಿಯಿತು. ಕೊಡುವುದಾದರೆ ಹೊಸ ಮೂರು ಫೇಸ್ ಮಾದರಿಯನ್ನೇ ಕೊಡಿ, ಅದರಲ್ಲಿ ಶೌಚಾಲಯವಿದೆ. ಎರಡೂವರೆ ಗಂಟೆಯ ಹಾದಿಯಲ್ಲಿ ಹೆಂಗಸರಿಗೆ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಶೌಚಾಲಯವಿಲ್ಲದ ಹಳೆಯ ಮೆಮು ಈಗಿನ ಗಾಡಿಗಿಂತ ಕಷ್ಟಕರವಾದೀತು. ಹಳೆಯದೇ ಸಿಗುವುದಾದರೆ ಈಗಿನ ಬೋಗಿಗಳೇ ಇರಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ನಿರ್ವಹಣೆಗೆ ಪಾಲಕ್ಕಾಡ್‌ನಲ್ಲಿ ಮೆಮು ಶೆಡ್ ಇದೆ. ಗಾಡಿಯನ್ನು ಸರದಿಯಂತೆ ಅಲ್ಲಿಗೆ ಕಳಿಸುವ ಏರ್ಪಾಡು ವೇಳಾಪಟ್ಟಿಯಲ್ಲೇ ಸೇರಬೇಕು. ಇಲ್ಲದಿದ್ದರೆ ನಿರ್ವಹಣೆಯ ದಿನ ಬಂದಾಗಲೆಲ್ಲ ನಮ್ಮ ಗಾಡಿ ರದ್ದಾಗುತ್ತದೆ.

ಬೆಳಿಗ್ಗೆ 6.20ಕ್ಕೆ ಹೊರಡಬೇಕು ಎಂದೆವಲ್ಲ, ಗಾಡಿ 4ಕ್ಕೆ ಮಂಗಳೂರು ಬಿಟ್ಟು ಬರುವ ಕ್ರಮದಲ್ಲಿ ಅದು ಸಾಧ್ಯವಿಲ್ಲ. ಒಂದೋ 3.20ಕ್ಕೆ ಮಂಗಳೂರು ಬಿಡಬೇಕು, ಇಲ್ಲವೇ ರಾತ್ರಿ ಸುಬ್ರಹ್ಮಣ್ಯ ರೋಡ್‌ನಲ್ಲೇ ತಂಗಬೇಕು. ತಂಗಲು ಬೇಕಾದುದು ಇಷ್ಟು: ಎಕ್ಸ್‌ಪ್ರೆಸ್ ಹಾಗೂ ಸರಕು ಗಾಡಿಗಳ ದಾಟುವಿಕೆಗೆ ಅಡ್ಡಿಯಾಗದ ಒಂದು ಹಳಿ, ಬೋಗಿಗಳಿಗೆ ನೀರು ತುಂಬಿಸುವ ಕೊಳವೆ ಸಾಲು, ಲೋಕೊ ಪೈಲಟ್, ಸಹಾಯಕ ಪೈಲಟ್, ಗಾರ್ಡ್ ಮೂವರಿಗೆ ರಾತ್ರಿ ವಿಶ್ರಾಂತಿ ಕೊಠಡಿ, ರಾತ್ರಿಯ ರಕ್ಷಣೆಗೆ ಒಬ್ಬ ಆರ್‌ಪಿಎಫ್ ಸಿಬ್ಬಂದಿ. ಘಟ್ಟ ಹತ್ತುವ ಗಾಡಿಗಳಿಗೆ ಬ್ಯಾಂಕರ್ ಜೋಡಿಸುವ ನಿಲ್ದಾಣವಾದ್ದರಿಂದ ಅದು ರಾತ್ರಿಯಿಡೀ ಎಚ್ಚರವಿರುವ ಜಾಗ. ಹೊಸದಾಗಿ ಕಟ್ಟಬೇಕಾದದ್ದು ಕಡಿಮೆ. ಇದರಿಂದ ರಾತ್ರಿ 11.10ಕ್ಕೆ ಮಂಗಳೂರು ಮುಟ್ಟುವ, ಬಹುತೇಕ ಖಾಲಿ ಓಡುವ ಪ್ರಯಾಣವೇ ಬೇಡವಾಗುತ್ತದೆ. ನಸುಕಿನ ಗಾಡಿಯ ವಿಷಯ ಹಾಗಲ್ಲ. ಕುಕ್ಕೆಗೆ ಬೆಳಗಿನ ಪೂಜೆಗೆ ಹೋಗುವ ಭಕ್ತರು ಅದನ್ನು ನೆಚ್ಚಿಕೊಳ್ಳುತ್ತಾರೆ. ಅವರನ್ನು ಬಿಟ್ಟು ನಮಗೆ ಅನುಕೂಲ ಮಾಡಿಕೊಡಿ ಎಂದು ಕೇಳುವುದು ಸರಿಯಲ್ಲ. ಒಂದು ಗಾಡಿ ಸುಬ್ರಹ್ಮಣ್ಯ ರೋಡ್‌ನಲ್ಲಿ, ಒಂದು ಮಂಗಳೂರಿನಲ್ಲಿ ತಂಗಿ, ಬೆಳಿಗ್ಗೆ ದಾರಿಯ ನಿಲ್ದಾಣವೊಂದರಲ್ಲಿ ಒಂದನ್ನೊಂದು ದಾಟಿಕೊಂಡರೆ ಎರಡೂ ಆಗುತ್ತದೆ.

ಅಷ್ಟು ಗಾಡಿಗೆ ಈ ಏಕಹಳಿಯಲ್ಲಿ ಜಾಗವಿದೆಯೇ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಇಲಾಖೆಯೇ ಬಳಸುವ ಸ್ಕಾಟ್ ಸೂತ್ರದಿಂದ ಲೆಕ್ಕ ಹಾಕೋಣ. ದಿನದ 1,440 ನಿಮಿಷವನ್ನು, ಅತಿ ಉದ್ದದ ಬ್ಲಾಕ್ ಸೆಕ್ಷನ್ (ಒಮ್ಮೆಗೆ ಒಂದೇ ಗಾಡಿಯನ್ನು ಬಿಡುವ ಹಳಿಯ ಭಾಗ) ದಾಟಲು ಗಾಡಿಗೆ ಬೇಕಾದ ಸಮಯ ಮತ್ತು ಬ್ಲಾಕ್ ಉಪಕರಣ ನಿರ್ವಹಿಸುವ ಸಮಯ ಎರಡೂ ಸೇರಿದ ಮೊತ್ತದಿಂದ ಭಾಗಿಸಿ 0.7ರಿಂದ ಗುಣಿಸಬೇಕು. ಸೆಕ್ಷನ್ ದಾಟಲು 20 ನಿಮಿಷ, ಉಪಕರಣಕ್ಕೆ 5 ನಿಮಿಷ ಎಂದು ಧಾರಾಳವಾಗಿಯೇ ಹಿಡಿದರೂ ಎರಡೂ ದಿಕ್ಕು ಸೇರಿ ದಿನಕ್ಕೆ 40 ಗಾಡಿ ಬರುತ್ತದೆ. ಘಟ್ಟದಲ್ಲಿ ಕಥೆ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್‌ನಲ್ಲಿ 57 ಸುರಂಗ, 50 ಅಡಿಗೆ ಒಂದು ಅಡಿ ಏರು, ಗಂಟೆಗೆ 30 ಕಿಲೋಮೀಟರ್ ವೇಗ, ಮೇಲಿಂದ ಬ್ಯಾಂಕರ್ ಮರಳುವ ಸಮಯ. ಹೀಗಾಗಿ ಘಟ್ಟ ಸಾಗಿಸಬಲ್ಲ ಗಾಡಿಗಳ ಸಂಖ್ಯೆಯೇ ಕಡಿಮೆ. ಘಟ್ಟದ ಮೂಲಕ ಬರಲಾರದಷ್ಟು ಗಾಡಿಗಳಿಗೆ ಘಟ್ಟದ ಕೆಳಗೆ ಜಾಗ ಉಳಿದೇ ಇರುತ್ತದೆ. ಆ ಉಳಿದ ಜಾಗ ಸ್ಥಳೀಯ ಗಾಡಿಗಳದ್ದು. ಬೆಂಗಳೂರು ಮಾರ್ಗದ ಸಾಮರ್ಥ್ಯ ತುಂಬಿದೆ ಎಂಬ ಉತ್ತರವನ್ನು ಪಡೀಲ್–ಸುಬ್ರಹ್ಮಣ್ಯ ರೋಡ್ ಭಾಗಕ್ಕೂ ಅನ್ವಯಿಸಿದರೆ ದಯವಿಟ್ಟು ಒಪ್ಪಿಕೊಳ್ಳಬೇಡಿ.

ಎಲ್ಲಕ್ಕಿಂತ ತೊಡಕಿನ ವಿಷಯಕ್ಕೆ ಬರುತ್ತೇವೆ. ಗಾಡಿ ಹೊರಡುವ ಮಂಗಳೂರು ಸೆಂಟ್ರಲ್ ಮತ್ತು ಜಂಕ್ಷನ್ ಇರುವುದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿ. ಅದು ಹಾಯುವ ನಮ್ಮ ಊರುಗಳೆಲ್ಲ ನೈಋತ್ಯ ರೈಲ್ವೆಯ ಮೈಸೂರು ವಿಭಾಗದಲ್ಲಿ. ಬೋಗಿ, ಸಿಬ್ಬಂದಿ ಒಂದು ವಿಭಾಗದ್ದು, ನಿಲ್ದಾಣ, ಪ್ಲಾಟ್‌ಫಾರ್ಮ್, ಟಿಕೆಟ್ ಏಜೆಂಟರು ಇನ್ನೊಂದು ವಿಭಾಗದ್ದು. ಗಾಡಿಯ ವೇಳೆ ಬದಲಿಸಬೇಕಾದರೆ ಇಬ್ಬರೂ ಒಪ್ಪಬೇಕು. ಬೋಗಿ ಕೊರತೆಯಾದ ದಿನ ಪಾಲಕ್ಕಾಡ್‌ಗೆ ತನ್ನ ವ್ಯಾಪ್ತಿಯ ಗಾಡಿಗಳೇ ಮೊದಲು ಕಾಣುವುದು ಸಹಜ. ಕಾಣಿಯೂರಿನ ಪ್ಲಾಟ್‌ಫಾರ್ಮ್‌ಗೆ ಖರ್ಚು ಮಾಡುವಾಗ ಮೈಸೂರಿಗೆ ಗಾಡಿಯ ಮೇಲೆ ಹಿಡಿತವಿಲ್ಲ. ಮಂಗಳೂರನ್ನು ಯಾವ ವಲಯಕ್ಕೆ ಸೇರಿಸಬೇಕೆಂಬ ದೊಡ್ಡ ಚರ್ಚೆ ತಮ್ಮ ಮುಂದಿದೆ. ಅದು ಮುಗಿಯುವವರೆಗೆ ಈ ಗಾಡಿ ಕಾಯಲಾರದು. ಈ ಒಂದು ಸೇವೆಯ ಹೊಣೆಯನ್ನು ಎರಡು ವಿಭಾಗಗಳ ಸಂಚಾರ ವ್ಯವಸ್ಥಾಪಕರಲ್ಲಿ ಒಬ್ಬರಿಗೆ ಲಿಖಿತವಾಗಿ ವಹಿಸಿ. ರದ್ದತಿ, ಮೊಟಕು, ಅರ್ಧ ಗಂಟೆಗೂ ಮೀರಿದ ತಡ ಇವುಗಳ ಕಾರಣಸಹಿತ ವರದಿ ಪ್ರತಿ ತಿಂಗಳೂ ತಮ್ಮ ಕಚೇರಿಗೆ ಬರುವಂತೆ ಮಾಡಿ.

ಪ್ಲಾಟ್‌ಫಾರ್ಮ್ ವಿಷಯವನ್ನು ಎಲ್ಲರೂ ಸೌಲಭ್ಯದ ಪ್ರಶ್ನೆ ಎಂದುಕೊಳ್ಳುತ್ತಾರೆ. ಅದು ಸಮಯದ ಪ್ರಶ್ನೆಯೂ ಹೌದು. ಎತ್ತರದ ಪ್ಲಾಟ್‌ಫಾರ್ಮ್ ಎಂದರೆ ಹಳಿಯ ಮಟ್ಟದಿಂದ 760ರಿಂದ 840 ಮಿಲಿಮೀಟರ್. ಅಲ್ಲಿಂದ ಬೋಗಿಗೆ ಒಂದು ಹೆಜ್ಜೆ. ನೆಲಮಟ್ಟದ ಪ್ಲಾಟ್‌ಫಾರ್ಮ್‌ನಿಂದ ಹತ್ತಬೇಕಾದರೆ ಕಂಬಿ ಹಿಡಿದು ಮೂರ್ನಾಲ್ಕು ಮೆಟ್ಟಿಲು ಏರಬೇಕು. ವಯಸ್ಸಾದವರನ್ನು, ಮಗು ಎತ್ತಿಕೊಂಡವರನ್ನು ಇನ್ನೊಬ್ಬರು ಕೈಹಿಡಿದು ಎಳೆಯಬೇಕು. ಒಂದು ನಿಮಿಷದ ನಿಲುಗಡೆಯಲ್ಲಿ ಮೂವತ್ತು ಜನ ಹೀಗೆ ಹತ್ತುವುದು ಆಗದು. ಗಾಡಿ ಎರಡು ನಿಮಿಷ ನಿಲ್ಲುತ್ತದೆ, ಇಲ್ಲವೇ ಯಾರೋ ಓಡುತ್ತಾ ಹತ್ತಿ ಜಾರುತ್ತಾರೆ. ಹಾಲ್ಟ್‌ಗಳಲ್ಲಿ ತಗ್ಗು ಪ್ಲಾಟ್‌ಫಾರ್ಮ್ ಇರುವಲ್ಲೆಲ್ಲ ಎತ್ತರಿಸಬೇಕು. ಪೂರ್ತಿ ಉದ್ದಕ್ಕೆ ಹಣವಿಲ್ಲದಿದ್ದರೆ ಮೊದಲ ಹಂತದಲ್ಲಿ ನಾಲ್ಕು ಬೋಗಿಯಷ್ಟು, ಅಂದರೆ ಸುಮಾರು 100 ಮೀಟರ್ ಉದ್ದ ಎತ್ತರಿಸಿ, ಗಾಡಿಯ ಯಾವ ಭಾಗ ಅಲ್ಲಿ ನಿಲ್ಲುತ್ತದೆ ಎಂಬ ಫಲಕ ಹಾಕಿದರೂ ಸಾಕು. ಮಾಡು ಕೂಡ ಅದೇ ಭಾಗದ ಮೇಲೆ ಬರಲಿ. ನಮ್ಮ ಕಡೆಯ ಮಳೆಯಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಆ ಬದಿಗೆ ಗೋಡೆಯಿಲ್ಲದ ಮಾಡಿನ ಕೆಳಗೆ ನಿಂತವರೂ ತೋಯುತ್ತಾರೆ. ಈ ಕಾರಣಕ್ಕೆ ಪಡುವಣ ಬದಿಗೆ ಅರ್ಧ ಎತ್ತರಕ್ಕಾದರೂ ಗೋಡೆ ಬೇಕು. ದೀಪಗಳು ಬೆಳಿಗ್ಗೆ ಗಾಡಿಗೆ ಅರ್ಧ ಗಂಟೆ ಮೊದಲು ಉರಿಯುವಂತೆ, ರಾತ್ರಿ ಗಾಡಿ ಹೋದ ಮೇಲೂ ಹದಿನೈದು ನಿಮಿಷ ಇರುವಂತೆ ಟೈಮರ್ ಹಾಕಿಸಬೇಕು. ಇಳಿದವರು ತೋಟದ ದಾರಿ ಹಿಡಿಯುವುದು ಗಾಡಿ ಹೋದ ನಂತರ.

ಪಡೀಲ್ ನಿಲುಗಡೆಯ ಬಗ್ಗೆ ಒಂದು ಮಾತು. ಜಿಲ್ಲಾಧಿಕಾರಿ ಕಚೇರಿ 2025ರಲ್ಲಿ ಪಡೀಲಿನ ಹೊಸ ಕಟ್ಟಡಕ್ಕೆ ಬಂದಿದೆ. ಕಡಬ, ಪುತ್ತೂರು ಕಡೆಯಿಂದ ಕಡತ ಹಿಡಿದು ಹೋಗುವವರಿಗೆ ಈಗ ಸೆಂಟ್ರಲ್‌ಗಿಂತ ಪಡೀಲ್ ಮುಖ್ಯ. ಈ ಗಾಡಿಯ ಎಲ್ಲ ಪ್ರಯಾಣಗಳಲ್ಲೂ ಅಲ್ಲಿ ನಿಲುಗಡೆ ಖಾತರಿಯಾಗಲಿ.

ಬಸ್ಸಿನ ಮಾತು ಆಡದೆ ಮುಂದೆ ಹೋಗುವಂತಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ. ಅದು ಒಳ್ಳೆಯ ಯೋಜನೆ, ಅದರೊಂದಿಗೆ ದರದಲ್ಲಿ ಪೈಪೋಟಿ ಮಾಡಲು ಯಾವ ರೈಲಿಗೂ ಆಗದು. ಮಹಿಳೆಯರು ರೈಲಿಗೆ ಬರಬೇಕಾದರೆ ಸಮಯ ಉಳಿಯಬೇಕು, ಕೂರಲು ಜಾಗ ಸಿಗಬೇಕು, ಇಳಿದ ಮೇಲೆ ಬಸ್ ಸಿಗಬೇಕು. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ನೆಟ್ಟಣದಲ್ಲಿ, ಕುಕ್ಕೆ ಅಲ್ಲಿಂದ ಸುಮಾರು 12 ಕಿಲೋಮೀಟರ್. ಕೋಡಿಂಬಾಳದಲ್ಲಿ ಇಳಿದವರು ಕಡಬ ಪೇಟೆಗೆ ಹೋಗಬೇಕು. ರಿಕ್ಷಾ ಬಾಡಿಗೆ ರೈಲಿನ ಟಿಕೆಟ್‌ಗಿಂತ ಹಲವು ಪಟ್ಟು ಆಗುತ್ತದೆ. ಕೆಎಸ್‌ಆರ್‌ಟಿಸಿಯ ಪುತ್ತೂರು ವಿಭಾಗದೊಂದಿಗೆ ರೈಲ್ವೆ ಲಿಖಿತ ಒಪ್ಪಂದ ಮಾಡಿಕೊಂಡು, ಬಸ್ ಹೊರಡುವ ವೇಳೆಯನ್ನು ಗಡಿಯಾರಕ್ಕೆ ಕಟ್ಟದೆ ‘ಗಾಡಿ ಬಂದ ಹತ್ತು ನಿಮಿಷಕ್ಕೆ, ಗರಿಷ್ಠ 40 ನಿಮಿಷ ಕಾಯುವುದು’ ಎಂದು ನಿಗದಿಪಡಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಸ್ಟೇಷನ್ ಮಾಸ್ಟರರು ಡಿಪೋದವರಿಗೆ ಗಾಡಿ ಪುತ್ತೂರು ಬಿಟ್ಟ ಸಮಯವನ್ನು ಒಂದು ಫೋನಿನಲ್ಲಿ ತಿಳಿಸಿದರೆ ಸಾಕು.

ಕೊನೆಯದಾಗಿ ಮಳೆಗಾಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಘಟ್ಟದ ಮಾರ್ಗ ಮುಚ್ಚಿತು. 2025ರಲ್ಲಿ ಘಟ್ಟದಲ್ಲಿ ವಿದ್ಯುತ್ ತಂತಿ ಎಳೆಯಲು ಹಗಲಿನ ಬೆಂಗಳೂರು ಗಾಡಿಗಳನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಎರಡೂ ಅನಿವಾರ್ಯವಾದವು, ಆ ಕಷ್ಟದ ಜಾಗದಲ್ಲಿ ಮಳೆ ಕೆಸರಿನ ನಡುವೆ ದುಡಿದ ಗ್ಯಾಂಗಿನವರ ಬಗ್ಗೆ ನಮಗೆ ಅಪಾರ ಗೌರವವಿದೆ. ಆದರೆ ಘಟ್ಟ ಮುಚ್ಚಿದಾಗ ಕೆಳಗಿನ ಗಾಡಿ ನಿಲ್ಲಬೇಕಾದ ಕಾರಣ ಯಾವುದೂ ಇಲ್ಲ. ಆಗಲೇ ಅದರ ಅಗತ್ಯ ಹೆಚ್ಚು, ಏಕೆಂದರೆ ರಸ್ತೆಯಲ್ಲೂ ಅದೇ ಮಳೆ. ಘಟ್ಟ ಬಂದ್ ಆದ ದಿನಗಳಲ್ಲಿ ಸುಬ್ರಹ್ಮಣ್ಯ ರೋಡ್–ಮಂಗಳೂರು ಗಾಡಿ ಎಂದಿನಂತೆ ಓಡಬೇಕು, ಸಿಕ್ಕಿಬಿದ್ದ ಎಕ್ಸ್‌ಪ್ರೆಸ್ಸಿಗೆ ಅದರ ಬೋಗಿ ಅಥವಾ ಸಿಬ್ಬಂದಿಯನ್ನು ತೆಗೆಯಬಾರದು ಎಂಬ ಸ್ಥಾಯಿ ಆದೇಶ ಬೇಕು. ಕೆಳಗಿನ ಭಾಗದಲ್ಲೂ ಮುರಕಲ್ಲಿನ ಕಡಿದಾದ ಬರೆಗಳಿವೆ. ಮುರಕಲ್ಲು ಒಣಗಿದಾಗ ಗಟ್ಟಿ, ಅದರ ಕೆಳಗಿನ ಜೇಡಿಪದರ ನೀರು ಕುಡಿದಾಗ ಇಡೀ ಬರೆ ಜಾರುತ್ತದೆ. ಬರೆಯ ನೆತ್ತಿಯ ಮೇಲಿನ ಕಣಿಯಲ್ಲಿ (ನೀರು ಹರಿದುಹೋಗುವ ಚರಂಡಿಯಲ್ಲಿ) ಎಲೆ, ಸೋಗೆ ಕಟ್ಟಿಕೊಂಡರೆ ಮಳೆಯ ನೀರು ಅಲ್ಲೇ ಇಂಗುತ್ತದೆ. ಮೇ 20ರೊಳಗೆ ಒಮ್ಮೆ, ಮೊದಲ ದೊಡ್ಡ ಮಳೆಯ ನಂತರ ಇನ್ನೊಮ್ಮೆ ಆ ಕಣಿಗಳನ್ನು ಬಿಡಿಸಿದರೆ ವೇಗ ಮಿತಿ ಹೇರಬೇಕಾದ ದಿನಗಳು ಕಡಿಮೆಯಾಗುತ್ತವೆ. ಎರಡನೆಯ ಸಲ ಬಿಡಿಸುವುದನ್ನೇ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಮುಂದಿನ ವೇಳಾಪಟ್ಟಿ ಅಂತಿಮವಾಗುವ ಮೊದಲು ಪಾಲಕ್ಕಾಡ್ ಮತ್ತು ಮೈಸೂರು ವಿಭಾಗಗಳ ಸಂಚಾರ, ವಾಣಿಜ್ಯ ಅಧಿಕಾರಿಗಳನ್ನೂ ಕೆಎಸ್‌ಆರ್‌ಟಿಸಿಯವರನ್ನೂ ಪುತ್ತೂರಿನಲ್ಲಿ ಒಂದು ಕಡೆ ಕೂರಿಸಿ, ಪ್ರಯಾಣಿಕರ ಎದುರಿಗೇ ಸಭೆ ನಡೆಸಬೇಕೆಂದು ಕೋರುತ್ತೇವೆ. ಸಭೆಗೆ ಮುನ್ನ ಮೂರು ಕಾಗದ ಸಿದ್ಧವಿರಲಿ: ಹೊರಡುವ–ಇಳಿಯುವ ನಿಲ್ದಾಣವಾರು ಟಿಕೆಟ್ ಮತ್ತು ಪಾಸಿನ ಪಟ್ಟಿ, ಪುತ್ತೂರು ಹಾಗೂ ಜಂಕ್ಷನ್‌ನಲ್ಲಿ ಗಾಡಿ ತಲುಪಿದ ನಿಜವಾದ ಸಮಯದ ಆರು ತಿಂಗಳ ದಾಖಲೆ, ಪ್ರತಿ ಹಾಲ್ಟ್‌ನ ಪ್ಲಾಟ್‌ಫಾರ್ಮ್ ಎತ್ತರ ಮತ್ತು ಏಜೆಂಟರ ಸ್ಥಿತಿ. ಮೂರೂ ಇಲಾಖೆಯ ಬಳಿಯೇ ಇರುವ ಮಾಹಿತಿ. ಬೆಳಿಗ್ಗೆ 6.20, ಸಂಜೆ 6 ಎಂಬ ವೇಳೆಯ ಬಗ್ಗೆ ಅಧಿಕಾರಿಗಳ ಆಕ್ಷೇಪಗಳಿದ್ದರೆ ಯಾವ ಎದುರು ಗಾಡಿಯೊಂದಿಗೆ, ಯಾವ ನಿಲ್ದಾಣದಲ್ಲಿ ತೊಡಕಾಗುತ್ತದೆ ಎಂಬುದನ್ನು ಸಂಚಾರ ನಕ್ಷೆಯೊಂದಿಗೆ ತೋರಿಸಲಿ. ನಮ್ಮಲ್ಲಿರುವ ನಿವೃತ್ತ ಸ್ಟೇಷನ್ ಮಾಸ್ಟರರು, ಗಾರ್ಡ್‌ಗಳು ಅದನ್ನು ಓದಿ ಪರ್ಯಾಯ ಸೂಚಿಸಲು ಸಿದ್ಧರಿದ್ದಾರೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಪುತ್ತೂರು, ನರಿಮೊಗರು, ಕಾಣಿಯೂರು, ಎಡಮಂಗಲ, ಕಡಬ ಮತ್ತು ಸುಬ್ರಹ್ಮಣ್ಯ ಭಾಗದ ನಿತ್ಯ ರೈಲು ಪ್ರಯಾಣಿಕರು ಹಾಗೂ ನಿವೃತ್ತ ರೈಲ್ವೆ ನೌಕರರು